ಬಾನಿಗೆ ತೆರೆದ ಮಾಳಿಗೆ

ಕಲ್ಲಿನ ಬಿಸಿಯನ್ನು ಆಕಾಶವೇ ತೆಗೆದುಕೊಂಡು ಹೋಗುತ್ತದೆ ಎಂದು ಮಹಾನಂದಾ ಹೇಳಿದಾಗ ಮನೆಯೊಡತಿ ಜುಲೇಖಾಬಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನಕ್ಕುಬಿಟ್ಟಳು.

“ಆಕಾಶಕ್ಕ ಬಿಸಿ ಕಡಿಮಿ ಬಿದ್ದದೇನು? ಸೂರ್ಯನ್ನ ಕಟಗೊಂಡು ಕುಂತದ ಅದು.”

“ಹಗಲಿ ಅಲ್ಲ ಖಾಲಾ, ರಾತ್ರಿ. ರಾತ್ರಿ ಆಕಾಶ ಭಾಳ ತಣ್ಣಗಿರ್ತದ. ನಡಕ ಗಾಳಿ ಅದ ನೋಡ್ರಿ, ಅದಕ ನಮಗ ಗೊತ್ತಾಗಲ್ಲ.”

“ಹೋದ ವರ್ಷ ಕ್ಯಾಲೆಂಡರ್‌ಗೆ ಒಂದು ಮೊಳಿ ಹೊಡಿತೀನಿ ಅಂದಿ. ಬ್ಯಾಡ ಅಂದೆ. ಈಗ ಇಡೀ ಮಾಳಗಿನೇ ಬದಲ್ ಮಾಡ್ತೀನಿ ಅಂತ ಬಂದೀಯಲ್ಲ!”

“ಮೊಳಿ ಒಂದೂ ಇಲ್ರಿ. ಕಲ್ಲು ಸುಮ್ಮ ಮ್ಯಾಲ ಹಾಸೋದು. ಬ್ಯಾಡ ಅನಿಸಿದ್ರ ಎತ್ತಿ ಇಡೋದು.”

“ಮನಿ ನಂದು, ಬಿಸಲು ನಿಮ್ಮದು,” ಎಂದಳು ಜುಲೇಖಾಬಿ, ಅಡಿಕೆಯ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತ. “ಇಷ್ಟು ವರ್ಷ ಹಂಗೇ ನಡದದ.”

ತಮಾಷೆಗೆ ಹೇಳಿದ ಮಾತಾದರೂ ಕಲಬುರಗಿಯ ಬಾಡಿಗೆ ಮನೆಗಳ ಪೂರ್ತಿ ಕತೆ ಅದರಲ್ಲಿತ್ತು. ಮನೆ ಯಾರದೋ ಅವರು ಅದರಲ್ಲಿ ಬೇಯುವುದಿಲ್ಲ. ಬೇಯುವವರಿಗೆ ಗೋಡೆಯ ಮೇಲೆ ಹಕ್ಕಿಲ್ಲ. ಹನ್ನೊಂದು ತಿಂಗಳ ಕರಾರಿನ ಸೂರಿಗೆ ಯಾರು ಬೆವರು ಸುರಿಸಿಯಾರು? ಹೀಗೆ ಇಬ್ಬರ ನಡುವೆ ಸಿಕ್ಕ ಮನೆಗಳು ವರ್ಷದಿಂದ ವರ್ಷಕ್ಕೆ ಕಾಯುತ್ತಲೇ ಬಂದಿದ್ದವು.

ಅಷ್ಟು ಹೊತ್ತಿಗೆ ಊರಿನ ಬೇಸಿಗೆ ಏಳು ತಿಂಗಳಿಗೆ ಬೆಳೆದಿತ್ತು. ಹಗಲಿನ ವಿದ್ಯುತ್ತು ಆಸ್ಪತ್ರೆಗಳಿಗೆ ಮತ್ತು ನೀರಿನ ಪಂಪುಗಳಿಗೆ ಮೀಸಲು. ಮನೆಗಳಲ್ಲಿ ತಂಪಿನ ಯಂತ್ರಗಳು ಸಂಜೆಯ ಮೇಲಷ್ಟೇ ಓಡಬೇಕು. ಮೂರು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಮುಚ್ಚಿದ ಕೋಣೆಗಳೊಳಗೆ ಹಲವರು ಸೆಕೆಯಿಂದ ಸತ್ತ ಮೇಲೆ ಹೊಸ ನಿಯಮವೊಂದು ಬಂದಿತ್ತು. ಮೇ ಹತ್ತರ ಮಧ್ಯಾಹ್ನ ಅಧಿಕಾರಿಗಳು ಬಾಡಿಗೆ ಮನೆಗಳೊಳಗೆ ಬಂದು ತಾಪ ಅಳೆಯುತ್ತಾರೆ. ಮೂವತ್ತೈದು ಡಿಗ್ರಿ ದಾಟಿದರೆ ಮನೆಗೆ ಬೀಗ. ದುರಸ್ತಿಯಾಗುವವರೆಗೆ ಬಾಡಿಗೆದಾರರು ಅರವತ್ತು ಕಿಲೋಮೀಟರ್ ಆಚೆಯ ತಂಪು ಶಿಬಿರದಲ್ಲಿರಬೇಕು. ಮೊದಲ ವರ್ಷ ಬಿದ್ದ ಬೀಗಗಳು ಇನ್ನೂ ತೆರೆದಿರಲಿಲ್ಲ. ವರ್ಷಕ್ಕೆ ಕೆಲವೇ ಓಣಿಗಳ ಅಳತೆ; ಈ ವರ್ಷ ಇವರ ಓಣಿಯ ಸರದಿ. ಜನರನ್ನು ಉಳಿಸಲು ಬಂದ ನಿಯಮವೇ ಅವರನ್ನು ಓಣಿಯಿಂದ ಕಿತ್ತು ಹಾಕುತ್ತಿತ್ತು.

ಆ ವಾರ ಸತ್ತವರಲ್ಲಿ ಮಹಾನಂದಾಳ ತಾಯಿ ಕಾಶಿಬಾಯಿಯೂ ಒಬ್ಬಳು.

ಅಂದಿನಿಂದ ಅವಳ ತಂದೆ ಬಂಡೆಪ್ಪ ಮನೆಯೊಳಗೆ ಕೂತದ್ದಿಲ್ಲ. ನಲವತ್ತು ವರ್ಷ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದ ಮನುಷ್ಯ, ಮೊದಲೇ ಮಾತು ಕಡಿಮೆ. ಈಗ ಅದೂ ನಿಂತಂತಿತ್ತು. ಹಗಲೆಲ್ಲ ಮೆಟ್ಟಿಲ ಕೆಳಗಿನ ತುಸು ನೆರಳಿನಲ್ಲಿ ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಕೂತಿರುತ್ತಿದ್ದ. ಊಟದ ತಟ್ಟೆ ಅಲ್ಲಿಗೇ ಬರಬೇಕು. ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಿದ್ದ, ಚಳಿಯಿರಲಿ ಮಳೆಯಿರಲಿ. ಪ್ರತಿ ಬೇಸಿಗೆ ಅವನನ್ನು ಇಷ್ಟಿಷ್ಟೇ ಸವೆಸುತ್ತಿರುವುದು ಮಗಳ ಕಣ್ಣಿಗೆ ಕಾಣುತ್ತಿತ್ತು. ಶಿಬಿರದ ಮಾತು ಬಂದಾಗ ಒಮ್ಮೆ ಮಾತ್ರ ಬಾಯಿಬಿಟ್ಟಿದ್ದ: “ನಾ ಎಲ್ಲೂ ಬರಲ್ಲ.” ಮನೆಗೆ ಬೀಗ ಬಿದ್ದರೆ ಅಪ್ಪ ಬೀಗ ಹಾಕಿದ ಮನೆಯ ಮೆಟ್ಟಿಲ ಕೆಳಗೇ ಕೂತಿರುತ್ತಾನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಬಾನುಗಲ್ಲು ಎಂಬ ಈ ಹೊಸ ಕಲ್ಲು ಅವಳು ಕೆಲಸ ಮಾಡುತ್ತಿದ್ದ ತಾಪ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು. ಫರಸಿ ಕಲ್ಲು ಕೊಯ್ಯುವಾಗ ಬೀಳುವ ಪುಡಿಯನ್ನು ಒತ್ತಿ ಮಾಡಿದ ಬಿಳಿಯ ಹಾಸು, ಅದರ ಹೊಟ್ಟೆಯಲ್ಲಿ ಒಂದು ಬಗೆಯ ಉಪ್ಪು. ಹಗಲು ಸೆಕೆ ಏರಿದಂತೆ ಆ ಉಪ್ಪು ಕರಗುತ್ತದೆ. ಕರಗುವುದಕ್ಕೆ ಬೇಕಾದ ಶಾಖವನ್ನು ಕೆಳಗಿನ ಕೋಣೆಯಿಂದ ಹೀರಿಕೊಳ್ಳುತ್ತದೆ. ರಾತ್ರಿ ಅದು ಮತ್ತೆ ಹೆಪ್ಪುಗಟ್ಟಬೇಕು. ಆದರೆ ಕಲಬುರಗಿಯ ರಾತ್ರಿಯ ಗಾಳಿಯೇ ಬಿಸಿ, ಅದರಲ್ಲಿ ಯಾವ ಉಪ್ಪು ಗಟ್ಟಿಯಾದೀತು? ಅದಕ್ಕಾಗಿ ಕಲ್ಲಿನ ಮೇಲ್ಮೈಯನ್ನು ವಿಶೇಷವಾಗಿ ಹದಗೊಳಿಸಿದ್ದರು. ಅದು ತನ್ನ ಶಾಖವನ್ನು ಗಾಳಿ ತಡೆಯಲಾರದ ಕಿರಣವಾಗಿಸಿ ನೆಟ್ಟಗೆ ಆಕಾಶದಾಚೆಯ ಚಳಿಗೆ ಕಳಿಸುತ್ತಿತ್ತು. ತಂತಿಯಿಲ್ಲ, ವಿದ್ಯುತ್ತಿಲ್ಲ. ಕೇಂದ್ರದ ಮಾಳಿಗೆಯ ಮೇಲೆ ಹಾಸಿ ನೋಡಿದಾಗ ಹೊರಗೆ ನಲವತ್ತೇಳಿದ್ದ ಮಧ್ಯಾಹ್ನ ಒಳಗೆ ಮೂವತ್ತೊಂದು.

ಪ್ರಯೋಗಕ್ಕೆಂದು ಊರಿನ ಅರವತ್ತು ಕಟ್ಟಡಗಳಿಗೆ ಕಲ್ಲು ಸಿಗುವುದಿತ್ತು. ಜುಲೇಖಾಬಿ ಮೂರು ದಿನ ಸತಾಯಿಸಿ ಒಪ್ಪಿದಳು. ಆರು ಬಾಡಿಗೆ ಕೋಣೆಗಳ ಸಾಲಿಗೆ ಒಂದೇ ಉದ್ದ ಮಾಳಿಗೆ; ಅಂಗಳದಾಚೆ ಅವಳ ಸ್ವಂತ ಮನೆ. ಏಪ್ರಿಲ್ ಕೊನೆಯಲ್ಲಿ ಎರಡರ ಮೇಲೂ ಕಲ್ಲು ಹಾಸಿದರು.

ಅಂದು ಸಂಜೆ ಸಾಲುಮನೆಯವರೆಲ್ಲ ಎಂದಿನಂತೆ ಕೌದಿ ಹೊತ್ತುಕೊಂಡು ಮಾಳಿಗೆ ಹತ್ತಿದರು. ಎರಡನೆಯ ಕೋಣೆಯ ಗುರುಬಾಯಿ ಕಲ್ಲಿನ ಮೇಲೆ ಅಂಗೈಯಿಟ್ಟು ಕೂಗಿಯೇಬಿಟ್ಟಳು.

“ಯವ್ವಾ, ಮಣ್ಣಿನ ಗಡಿಗಿ ಮುಟ್ಟಿದಂಗ ಆಗ್ತದ! ನಂದಾ, ನಿನ್ನ ಹೊಟ್ಟಿ ತಣ್ಣಗಿರ್ಲಿ.”

“ಹೊಟ್ಟಿ ಆಮ್ಯಾಲ,” ಎಂದು ನಕ್ಕಳು ಮಹಾನಂದಾ. “ಮೊದಲ ಕೋಣಿ ತಣ್ಣಗಾಗ್ಲಿ.”

ಕೋಣೆ ತಣ್ಣಗಾಗಲಿಲ್ಲ.

*

ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಪ್ರತಿ ಮನೆಯೂ ಪರದೆಯ ಮೇಲೊಂದು ಚುಕ್ಕೆ. ಮೇ ಐದರ ಮಧ್ಯಾಹ್ನ ಜುಲೇಖಾಬಿಯ ಮನೆ ಮೂವತ್ತೊಂದೂವರೆ ತೋರಿಸುತ್ತಿತ್ತು. ಹತ್ತು ಮಾರು ದೂರದ ಸಾಲುಮನೆಯ ಆರೂ ಕೋಣೆಗಳು ಮೂವತ್ತೇಳರ ಮೇಲೆ. ಅದೇ ಕಲ್ಲು, ಅದೇ ಬಿಸಿಲು. ಊರಿನ ತುಂಬ ಇದೇ ಕತೆ: ಮಾಲೀಕರ ಮನೆಗಳು ತಣ್ಣಗೆ, ಬಾಡಿಗೆಯವು ಬಿಸಿ.

ಮುಖ್ಯಸ್ಥ ಫಣಿರಾಜ ಮೈಸೂರಿನ ಕಡೆಯವನು, ಕೆಟ್ಟವನಲ್ಲ. ಪರದೆಯನ್ನು ಬಹಳ ಹೊತ್ತು ನೋಡಿ ಹೇಳಿದ:

“ಬೇಜಾರು ಮಾಡ್ಕೋಬೇಡಿ ಮಹಾನಂದಾ ಅವ್ರೇ. ಕಲ್ಲಿಗೆ ಬಾಡಿಗೆ ಮನೆ ಯಾವ್ದು, ಸ್ವಂತ ಮನೆ ಯಾವ್ದು ಅಂತ ಗೊತ್ತಾಗಲ್ವಲ್ಲ. ಬಾಡಿಗೆ ಜನ ಏನೋ ಮಾಡ್ತಿದಾರೆ. ಮಧ್ಯಾಹ್ನ ಕಿಟಕಿ ತೆಗೀತಾರೋ, ಒಲೆ ಹಚ್ತಾರೋ. ಕೇಳಿದ್ರೆ ಇಲ್ಲ ಅಂತಾರೆ.”

“ನಾನೂ ಬಾಡಿಗೆಯವಳೇ ಸರ್.”

“ನಿಮ್ಮನ್ನ ಹೇಳ್ತಿಲ್ಲ. ಆದ್ರೆ ಹತ್ತನೇ ತಾರೀಖು ಹೀಗೇ ಇದ್ರೆ, ಬಾಡಿಗೆ ಮನೆಗಳಿಗೆ ಈ ಕಲ್ಲು ಉಪಯೋಗ ಇಲ್ಲ ಅಂತ ಬರೀಬೇಕಾಗತ್ತೆ. ಬೇರೆ ದಾರಿ ಇಲ್ಲ.”

ಅವಳು ಪರದೆಯ ಮೇಲೆ ತನ್ನ ಕೋಣೆಯ ಚುಕ್ಕೆಯನ್ನು ನೋಡಿದಳು. ಅವರ ಕೋಣೆಯ ಬಾಗಿಲು ಬೆಳಿಗ್ಗೆ ಎಂಟಕ್ಕೇ ಮುಚ್ಚುತ್ತಿತ್ತು, ಅಡುಗೆ ಏಳಕ್ಕೇ ಮುಗಿಯುತ್ತಿತ್ತು. ಒಳಗೆ ಯಾರೂ ಇರುತ್ತಿರಲಿಲ್ಲ. ಹೊರಗೆ ಅಪ್ಪ ಇದ್ದ. ಒಂದು ಸಂಶಯ ಹೊಕ್ಕಿತು. ಆ ಕೋಣೆಯ ಮೇಲೆ ಅಪ್ಪನಿಗೆ ಸಿಟ್ಟಿರಬಹುದೇ? ಅದು ಮುಚ್ಚಿರುವುದನ್ನು ನೋಡಲಾರದೆ ತೆರೆಯುತ್ತಿರಬಹುದೇ?

ಸಂಜೆ ಮನೆಗೆ ಬಂದವಳೇ ಮೆಟ್ಟಿಲ ಬಳಿ ನಿಂತು ಕೇಳಿದಳು. “ಅಪ್ಪಾ, ಮಧ್ಯಾಹ್ನ ಕಿಟಕಿ ತೆಗಿತೀ ಏನು?”

ಬಂಡೆಪ್ಪ ತಲೆಯೆತ್ತಿ ಅವಳನ್ನು ನೋಡಿದ. ಟವೆಲ್ಲು ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡ. ಅವನ ನೋಟದಲ್ಲಿ ಅಪರಾಧವಿರಲಿಲ್ಲ, ನೋವಿತ್ತು. ಕೇಳಬಾರದ್ದನ್ನು ಕೇಳಿದೆನೆಂದು ಅವಳಿಗೆ ತಕ್ಷಣ ತಿಳಿಯಿತು. ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

*

ಮರುದಿನ ಮಹಾನಂದಾ ಎಚ್ಚರಾದಾಗ ಮೂಡಲು ಕೆಂಪಾಗುತ್ತಿತ್ತು. ಮಾಳಿಗೆಯ ಮೇಲೆ ಮಲಗುತ್ತಿದ್ದವರು ಆರು ಕೋಣೆಗಳ ಇಪ್ಪತ್ಮೂರು ಜನ; ಹೆಚ್ಚಿನವರು ಇನ್ನೂ ಎದ್ದಿರಲಿಲ್ಲ. ಅವಳು ತನ್ನ ಕೌದಿಯನ್ನು ಸುತ್ತಿಟ್ಟು ಬರಿಗಾಲಲ್ಲಿ ನಡೆದಳು. ತಾನು ಮಲಗಿದ್ದ ಜಾಗದ ಕಲ್ಲು ಅಂಗಾಲಿಗೆ ಬೆಚ್ಚಗೆ ತಾಗಿತು. ಮೈಯ ಬಿಸಿ ಇರಬೇಕೆಂದುಕೊಂಡಳು. ಗುರುಬಾಯಿ ಆಗಲೇ ಎದ್ದುಹೋಗಿದ್ದ ಜಾಗ, ಅದೂ ಬೆಚ್ಚಗೆ. ಮಾಳಿಗೆಯ ಪಡುವಣ ಮೂಲೆಯಲ್ಲಿ ಕಟ್ಟೆ ಮುರಿದಿತ್ತು; ನಿದ್ದೆಯಲ್ಲಿ ಉರುಳಿ ಬಿದ್ದೇವೆಂದು ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಅಲ್ಲಿ ಕಾಲಿಟ್ಟವಳು ಬೆಚ್ಚಿ ಹಿಂದೆಗೆದಳು.

ಕಲ್ಲು ಕೊರೆಯುತ್ತಿತ್ತು.

ಅವಳು ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಎರಡೂ ಅಂಗೈ ಊರಿದಳು. ಉಪ್ಪು ಹೆಪ್ಪುಗಟ್ಟಿದ ಕಲ್ಲು. ಪ್ರಯೋಗಾಲಯದಲ್ಲಿ ಮುಟ್ಟಿದ್ದ ಅದೇ ಚಳಿ. ತಿರುಗಿ ನೋಡಿದಳು. ಮಾಳಿಗೆಯ ತುಂಬ ಕೌದಿಗಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ, ಚಳಿಗಾಲದಲ್ಲಿ ಮೈಯ ಬಿಸಿ ಹೊರಗೆ ಬಿಡದ ಕೌದಿಗಳು. ಕಲ್ಲು ಆಕಾಶದೊಡನೆ ಮಾತಾಡಬೇಕಾದ ಹೊತ್ತಿನಲ್ಲಿ ಅದರ ಬಾಯಿಗೇ ಬಟ್ಟೆ ಒತ್ತಿ, ಮೇಲೆ ಹಾಯಾಗಿ ಮಲಗಿದ್ದರು. ತಾನೂ ಮಲಗಿದ್ದಳು! ಕಲ್ಲು ತಂಪಾಗಿದೆಯೆಂದು ಬಟ್ಟೆ ಸರಿಸಿ ಕೆನ್ನೆಯೊತ್ತಿದ್ದಳು ಕೂಡ.

ಆ ಬೆಳಿಗ್ಗೆ ಅವಳು ಚಹಾ ಕುಡಿಯದೆ ಕೇಂದ್ರಕ್ಕೆ ಓಡಿದಳು. ಫಣಿರಾಜ ಆಗತಾನೇ ಬಂದಿದ್ದ.

“ಸರ್, ನಮ್ಮ ಪ್ರಶ್ನಾವಳಿಯಲ್ಲಿ ಎಷ್ಟು ಪ್ರಶ್ನೆ?”

“ನಲವತ್ತೆರಡು. ಯಾಕೆ?”

“ಎಲ್ಲಿ ಅಡಿಗಿ ಮಾಡ್ತೀರಿ, ಎಷ್ಟು ಸಲ ಬಾಗಿಲಾ ತೆಗಿತೀರಿ, ಎಲ್ಲಾ ಕೇಳೀವಿ. ಎಲ್ಲಿ ಮಲಗ್ತೀರಿ ಅಂತ ಕೇಳಿಲ್ಲ.”

“ಅದೇನು ಕೇಳೋದು? ಮನೇಲಿ ಮಲಗ್ತಾರೆ.”

“ಮಾಳಗಿ ಮ್ಯಾಲ ಮಲಗ್ತಾರ ಸರ್. ಕಲ್ಲಿನ ಮ್ಯಾಲ.”

ಫಣಿರಾಜ ಕುರ್ಚಿಯಲ್ಲಿ ನಿಧಾನವಾಗಿ ಕೂತ. “ಯಾರು?”

“ಯಂತ್ರ ಇಲ್ಲದವ್ರೆಲ್ಲ. ಮಾಲೀಕರು ಒಳಗ ಯಂತ್ರ ಹಚ್ಕೊಂಡು ಮಲಗ್ತಾರ, ಅವ್ರ ಮಾಳಗಿ ಖಾಲಿ. ಬಾಡಿಗಿ ಮಂದಿದು ತುಂಬಿರ್ತದ. ಅರ್ಧ ಊರು ಮಾಳಗಿ ಮ್ಯಾಲದ ಸರ್.”

“ನೀವು ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ಉಸಿರಾಡ್ತೀವಿ ಅಂತ ಯಾರರೆ ಹೇಳ್ತಾರ?”

ಅವನಿಗೆ ನಗು ಬಂತು, ಜೊತೆಗೇ ನಾಚಿಕೆಯೂ. ಪರದೆಯತ್ತ ತಿರುಗಿ ಲೆಕ್ಕ ಹಾಕಿದ. ಮಾಳಿಗೆ ಪೂರ್ತಿ ಖಾಲಿಯಿದ್ದರೆ ಮೊದಲ ರಾತ್ರಿ ಕಲ್ಲಿನ ಕಾಲುಭಾಗ ಗಟ್ಟಿಯಾಗಬಹುದು, ಎರಡನೆಯ ರಾತ್ರಿ ಅರ್ಧ. ಹತ್ತಕ್ಕೆ ಇನ್ನು ನಾಲ್ಕು ರಾತ್ರಿಗಳಿದ್ದವು. “ಸಾಕು,” ಎಂದ. “ಆದ್ರೆ ಅಷ್ಟು ಜನ ಎಲ್ಲಿ ಮಲಗ್ತಾರೆ? ಆ ಕೋಣೆಗಳಲ್ಲಿ ಸಾಧ್ಯವಾ?”

ಸಾಧ್ಯವಿರಲಿಲ್ಲ. ರಾತ್ರಿಯ ಮುಚ್ಚಿದ ಕೋಣೆಯ ಹೆಸರೆತ್ತಿದರೆ ಓಣಿಯವರ ಮುಖ ಕಪ್ಪಿಡುತ್ತಿತ್ತು. ಕೋಣೆ ತಣ್ಣಗಾಗದೆ ಯಾರೂ ಒಳಗೆ ಮಲಗರು. ಒಳಗೆ ಮಲಗದೆ ಕೋಣೆ ತಣ್ಣಗಾಗದು.

*

ಜುಲೇಖಾಬಿಯ ಅಂಗಳದಲ್ಲಿ ಒಂದು ಬೇವಿನ ಮರ, ಎರಡು ಮೇಕೆ, ಸಾಲಾಗಿ ಗುಲಾಬಿ ಕುಂಡಗಳು. ರಾತ್ರಿ ಒಂಬತ್ತಕ್ಕೆ ಅದರ ಬಾಗಿಲಿಗೆ ಅಗಳಿ. ಬಾಡಿಗೆದಾರರು ಅಲ್ಲಿ ಚಪ್ಪಲಿ ಕೂಡ ಬಿಡುವಂತಿರಲಿಲ್ಲ. ಮಹಾನಂದಾ ನಡೆದದ್ದನ್ನೆಲ್ಲ ವಿವರಿಸಿದಳು. ಅಂಗಳ ಕೊಡಿ ಎಂದು ಬಾಯಿಬಿಟ್ಟು ಕೇಳಲು ಅವಳಿಂದಾಗಲಿಲ್ಲ.

ಜುಲೇಖಾಬಿ ಮೇಕೆಗೆ ಸೊಪ್ಪು ಹಾಕುತ್ತಲೇ ಇದ್ದಳು.

“ನನ್ನ ಮನಿ ಮಧ್ಯಾಹ್ನ ಮಸೀದಿ ಒಳಗಿನಂಗ ತಂಪಿರ್ತದ,” ಎಂದಳು ಕೊನೆಗೆ. “ನಿಮ್ಮಪ್ಪ ಮೆಟ್ಟಲ ತಳಗ ಕುಂತಿರ್ತಾನ. ನನ್ನ ಕಿಡಕ್ಯಾಗಿಂದ ಕಾಣ್ತಾನ. ಪರದಾ ಎಳಕೊಂಡ್ರೂ ಕಾಣ್ತಾನ, ಏನ್ ಮಾಡ್ಲಿ?” ಸೊಪ್ಪಿನ ಕಟ್ಟು ಕೆಳಗಿಟ್ಟು ಅವಳತ್ತ ತಿರುಗಿದಳು. “ಬರ್ರಿ. ಎಲ್ಲಾರೂ ಬರ್ರಿ. ಆದ್ರ ಗೊರಕಿ ಹೊಡಿಯವ್ರು ಮೇಕಿ ಕಡಿ. ನನ್ನ ಗುಲಾಬಿ ಮುಟ್ಟಿದವ್ರ ಕೈ ಮುರಿತೀನಿ.”

ಆ ಸಂಜೆ ಇಪ್ಪತ್ತೆರಡು ಜನ ಅಂಗಳಕ್ಕಿಳಿದರು. ಗುರುಬಾಯಿ ಸೊಳ್ಳೆಗೂ ಮೇಕೆಗೂ ಸೇರಿಸಿ ಬೈದಳು. ಗಾಳಿ ಆಡದೆ ಸೆಕೆ ಕವಿದಿತ್ತು. ಮಾಳಿಗೆಯ ಸುಖ ಬಿಟ್ಟುಬಂದವರಿಗೆ ನಿದ್ದೆ ಹತ್ತಲಿಲ್ಲ. ಆದರೂ ಮಾರನೆಯ ಮಧ್ಯಾಹ್ನ ಸಾಲುಮನೆಯ ಚುಕ್ಕೆಗಳು ಮೂವತ್ತಾರಕ್ಕೆ ಇಳಿದವು. ಅದರ ಮರುದಿನ ಐದು ಕೋಣೆಗಳು ಮೂವತ್ತೈದರ ಒಳಗೆ ಬಂದವು.

ಆರನೆಯದು ಬರಲಿಲ್ಲ. ಅದು ಮಹಾನಂದಾಳ ಕೋಣೆ. ಮೂವತ್ತಾರಕ್ಕೆ ಅಂಟಿ ನಿಂತಿತ್ತು. ಸಾಲಿಗೆಲ್ಲ ಒಂದೇ ಮಾಳಿಗೆಯಾದ್ದರಿಂದ ಒಂದು ಕೋಣೆ ಸೋತರೆ ಆರಕ್ಕೂ ಬೀಗ.

ಕಾರಣ ಅವಳಿಗೆ ಗೊತ್ತಿತ್ತು. ಬಂಡೆಪ್ಪ ಮಾಳಿಗೆ ಬಿಟ್ಟಿರಲಿಲ್ಲ. ತಮ್ಮ ಕೋಣೆಯ ನೆತ್ತಿಯ ಮೇಲೆ, ಎಂದಿನಂತೆ ಎರಡು ಕೌದಿ ಹಾಸಿ ಮಲಗುತ್ತಿದ್ದ. ಒಂದರ ಮೇಲೆ ತಾನು, ಪಕ್ಕದ್ದು ಖಾಲಿ. ಮೂರು ವರ್ಷದಿಂದ ಅದು ಹಾಗೆಯೇ. ಅದು ಯಾರಿಗೆಂದು ಯಾರೂ ಕೇಳಿರಲಿಲ್ಲ.

ಎಂಟನೇ ತಾರೀಖಿನ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಅವಳು ಅಪ್ಪನ ಹಿಂದೆಯೇ ಮಾಳಿಗೆ ಹತ್ತಿದಳು. ಅವನು ಕೌದಿ ಬಿಚ್ಚುತ್ತಿದ್ದ. ಅವಳು ಕಟ್ಟೆಯ ಮೇಲೆ ಕೂತಳು. ಕೆಳಗಿನ ಅಂಗಳದಿಂದ ಗುರುಬಾಯಿಯ ನಗು ಕೇಳಿ ಬಂತು.

“ಕಿಟಕಿ ಮಾತು ಕೇಳಬಾರದಿತ್ತು ಅಪ್ಪಾ. ತಪ್ಪಾಯ್ತು.”

ಬಂಡೆಪ್ಪ ತಲೆಯಲ್ಲಾಡಿಸಿದ. ಇರಲಿ ಬಿಡು ಎಂಬಂತೆ.

ಅವಳು ಕಲ್ಲಿನ ಕೆಲಸವನ್ನು ಅವನಿಗೆ ಹೇಳಿದಳು. ಗಣಿಯವನಿಗೆ ಹೇಳುವ ರೀತಿಯಲ್ಲೇ ಹೇಳಿದಳು: ಹಗಲೆಲ್ಲ ಹೊತ್ತ ಬಿಸಿಯನ್ನು ಕಲ್ಲು ರಾತ್ರಿ ಇಳಿಸಬೇಕು, ಇಳಿಸುವ ಜಾಗ ಆಕಾಶ, ನಡುವೆ ಏನೂ ಇರಬಾರದು. ಅವನು ಬಾಗಿ ಕಲ್ಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟ, ಗಣಿಯಲ್ಲಿ ಬಿರುಕು ಹುಡುಕುತ್ತಿದ್ದಂತೆ.

ಆಮೇಲೆ ಅವನೇ ಮಾತು ತೆಗೆದ.

“ಅವತ್ತು ನಿಮ್ಮವ್ವ ಮ್ಯಾಲ ಕರಕೊಂಡು ಹೋಗು ಅಂದ್ಳು. ಜ್ವರ ಇತ್ತು. ಎತ್ತಿಕೊಂಡೇ ಬರಬೇಕಿತ್ತು. ನನಗ ಗಣಿದು ದಣಿವು.” ಅವನು ಖಾಲಿ ಕೌದಿಯ ಅಂಚನ್ನು ಸರಿಮಾಡಿದ. “ನಾಳಿ ಅಂದೆ.”

ಮಹಾನಂದಾಗೆ ಇದು ಗೊತ್ತಿರಲಿಲ್ಲ. ಆ ರಾತ್ರಿ ಅವಳು ಕೇಂದ್ರದಲ್ಲಿದ್ದಳು. ಮೂರು ವರ್ಷ ಅಪ್ಪನ ಮೌನವನ್ನು ಅವಳು ಸಿಟ್ಟು ಎಂದುಕೊಂಡಿದ್ದಳು, ಒಮ್ಮೊಮ್ಮೆ ಮರೆವು ಎಂದೂ. ಅದೊಂದು ಜಾಗ ಎಂದು ಹೊಳೆದಿರಲಿಲ್ಲ. ಹೆಂಡತಿಯನ್ನು ತಂದು ಮಲಗಿಸಬೇಕಾಗಿದ್ದ ಜಾಗವನ್ನು ಅವನು ಕಾಯುತ್ತಿದ್ದ.

“ಎಷ್ಟು ದಿನ ಬಿಡಬೇಕು?” ಎಂದು ಬಂಡೆಪ್ಪ ಕೇಳಿದ.

ಎರಡೇ ರಾತ್ರಿ ಅಪ್ಪಾ, ಅಳತೆ ಮುಗಿಯುವವರೆಗೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದರೆ ಅವನು ಒಪ್ಪುತ್ತಿದ್ದ, ಬೀಗ ತಪ್ಪುತ್ತಿತ್ತು. ಹನ್ನೊಂದರಂದು ಮತ್ತೆ ಕೌದಿ ಹಾಸುತ್ತಿದ್ದ. ಕೋಣೆ ಮತ್ತೆ ಕಾಯುತ್ತಿತ್ತು. ಅವನು ಮೆಟ್ಟಿಲ ಕೆಳಗೆ ಸವೆಯುತ್ತಿದ್ದ. ಮೇಲಾಗಿ, ಈ ಜಾಗದ ಬಗ್ಗೆ ಈ ಮನುಷ್ಯನಿಗೆ ಸುಳ್ಳು ಹೇಳುವುದು ಸಲ್ಲದು ಎನಿಸಿತು.

“ದಿನಾ ಅಪ್ಪಾ,” ಎಂದಳು. “ಇನ್ನ ಮ್ಯಾಲ ದಿನಾ.”

ಅವಳು ಒತ್ತಾಯ ಮಾಡಲಿಲ್ಲ. ಮಾಳಿಗೆಯ ಮೇಲೆ ಮೊದಲ ಚುಕ್ಕಿ ಮೂಡುವವರೆಗೆ ಇಬ್ಬರೂ ಕೂತರು. ಆಮೇಲೆ ಅವಳು ಒಬ್ಬಳೇ ಇಳಿದುಹೋಗಿ ಅಂಗಳದಲ್ಲಿ ಮೇಕೆಗಳ ಪಕ್ಕ ಹಾಸಿಕೊಂಡಳು.

ಸ್ವಲ್ಪ ಹೊತ್ತಿಗೆ ಅಂಗಳದ ಬಾಗಿಲು ತೆರೆದ ಸದ್ದು. ಬಂಡೆಪ್ಪ ಎರಡು ಕೌದಿಗಳನ್ನೂ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಜುಲೇಖಾಬಿಯೇ ಎದ್ದು ಗುಲಾಬಿಯ ಎರಡು ಕುಂಡಗಳನ್ನು ತನ್ನ ಕೈಯಾರೆ ಎಳೆದು ಬದಿಗೆ ಸರಿಸಿದಳು.

“ಇಲ್ಲಿ ಹಾಸು ಬಂಡೆಪ್ಪಣ್ಣಾ. ಎರಡಕ್ಕೂ ಜಾಗಾ ಅದ.”

*

ಮೇ ಹತ್ತು. ಹೊರಗೆ ನಲವತ್ತೆಂಟು. ಕೇಂದ್ರದ ಪರವಾಗಿ ಮಹಾನಂದಾಳೂ ಅಳತೆಯ ಅಧಿಕಾರಿಯ ಜೊತೆ ಬಂದಿದ್ದಳು. ಅಧಿಕಾರಿ ಬಿಸಿಲಿಗೆ ಬಾಡಿ ಹೋಗಿದ್ದ ಮಧ್ಯವಯಸ್ಕ. ಮಧ್ಯಾಹ್ನದಿಂದ ಹಲವು ಬೀಗ ಹಾಕಿ ಬಂದವನ ಬೇಸರ ಅವನ ಮುಖದಲ್ಲಿತ್ತು. ಮಾಪಕ ಹಿಡಿದು ಒಂದೊಂದೇ ಕೋಣೆ ಹೊಕ್ಕು ಬಂದ. ಮೂವತ್ಮೂರು. ಮೂವತ್ಮೂರೂವರೆ. ಮೂರನೆಯ ಕೋಣೆಯಲ್ಲಿ ಅಂಕಿ ನಂಬದೆ ಮಾಪಕವನ್ನು ಕೈಗೆ ಬಡಿದು ಮತ್ತೆ ಅಳೆದ. ನಾಲ್ಕನೆಯದರಲ್ಲಿ ಕಾರಣವಿಲ್ಲದೆ ಎರಡು ನಿಮಿಷ ಹೆಚ್ಚು ನಿಂತ.

“ಯಂತ್ರ ಎಲ್ಲಿ ಮುಚ್ಚಿಟ್ಟೀರಿ?” ಎಂದ.

“ಮಾಳಗಿ ಮ್ಯಾಲದ,” ಎಂದಳು ಗುರುಬಾಯಿ ಗಂಭೀರವಾಗಿ. “ಹೋಗಿ ನೋಡ್ರಿ, ಬರೇ ಆಕಾಶ ಕಾಣ್ತದ.”

ಐದೂ ದಾಟಿದವು. ಕೊನೆಯ ಕೋಣೆಯತ್ತ ನಡೆಯುವಾಗ ಮಹಾನಂದಾ ಅಭ್ಯಾಸಬಲದಿಂದ ಮೆಟ್ಟಿಲ ಕೆಳಗೆ ನೋಡಿದಳು. ಅಲ್ಲಿ ನೀರಿನ ತಂಬಿಗೆಯಿತ್ತು. ಅಪ್ಪ ಇರಲಿಲ್ಲ.

ಅಂಗಳದತ್ತ ನೋಡಿದಳು, ಓಣಿಯತ್ತ ನೋಡಿದಳು. ಎಲ್ಲೆಲ್ಲೂ ಬಿಳಿಯ ಬಿಸಿಲು. ಈ ಬಿಸಿಲಲ್ಲಿ ಎಲ್ಲಿಗೆ ಹೋಗಿರಬಹುದು? ಅಧಿಕಾರಿ ಅದನ್ನೆಲ್ಲ ಗಮನಿಸದೆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿದ್ದ. “ಮೂವತ್ನಾಲ್ಕೂ ಕಾಲು,” ಎಂದು ಒಳಗಿಂದ ಕೂಗಿದ. “ಪಾಸಾಯ್ತ್ರೀ!” ಸಾಲಿನುದ್ದಕ್ಕೂ ಹೋ ಎಂಬ ಗದ್ದಲವೆದ್ದಿತು. ಅವಳ ಕಿವಿಗೆ ಅದು ಬಿದ್ದೂ ಬೀಳದಂತಾಯಿತು. ಅಪ್ಪನ ಟವೆಲ್ಲಾದರೂ ಇದೆಯೇ ಎಂದು ನೋಡಲು ಹೊಸ್ತಿಲಿಗೆ ಬಂದಳು.

ಹೊರಗಿನ ಬೆಳಕಿಗೆ ಕೋರೈಸಿದ ಕಣ್ಣಿಗೆ ಮೊದಲು ಕತ್ತಲಷ್ಟೇ ಕಂಡಿತು. ಆಮೇಲೆ ಎದುರಿನ ಗೋಡೆ. ಗೋಡೆಯ ಬುಡದಲ್ಲಿ, ಅವ್ವ ಕೊನೆಯ ದಿನ ಮಲಗಿದ್ದ ಕಡೆ, ಕಾಲು ಚಾಚಿ, ಬರಿಯ ಬೆನ್ನನ್ನು ಗೋಡೆಗೊರಗಿಸಿ ಬಂಡೆಪ್ಪ ಕೂತಿದ್ದ. ತಲೆಯ ಮೇಲೆ ಟವೆಲ್ಲಿರಲಿಲ್ಲ. ನಿದ್ದೆಯಿಂದ ಈಗಷ್ಟೇ ಎದ್ದವನಂತೆ ಮುಖ ಸಡಿಲವಾಗಿತ್ತು. ಮಾಪಕ ಹಿಡಿದು ನಿಂತ ಅಧಿಕಾರಿಯನ್ನೂ ಹೊಸ್ತಿಲಲ್ಲಿ ನಿಂತ ಮಗಳನ್ನೂ ಅವನು ಕಣ್ಣು ಕಿರಿದು ಮಾಡಿ ನೋಡಿದ.

“ಒಳಗ ಬಾರವ್ವಾ,” ಎಂದ. “ಬಾಗಿಲಾ ಹಾಕು. ತಂಪು ಹೋಗ್ತದ.”